ಮೂಲೆ ಕಂಬಕ್ಕೆ ಕಾಂಕ್ರೀಟ್, ಸಾಲು ಕಂಬಕ್ಕೆ ದಮ್ಮಸ್ಸು

ಹೊಲಕ್ಕಾಗಲಿ, ತೋಟಕ್ಕಾಗಲಿ, ಊರಂಚಿನ ನಿವೇಶನಕ್ಕಾಗಲಿ ಬೇಲಿ ಹಾಕಿಸುವವರು ಗುತ್ತಿಗೆದಾರರನ್ನು ಮೊದಲು ಕೇಳುವುದು ಒಂದೇ ಮಾತು: ಅಡಿಗೆ ಎಷ್ಟು? ರನ್ನಿಂಗ್ ಅಡಿಯ ಲೆಕ್ಕದಲ್ಲಿ ಬರುವ ಆ ಉತ್ತರದಲ್ಲಿ ಕಂಬ, ತಂತಿ, ಕೂಲಿ, ಸಿಮೆಂಟು ಎಲ್ಲವೂ ಕಲಸಿಹೋಗಿರುತ್ತವೆ. ಇಬ್ಬರು ಮೂವರ ದರ ಹೋಲಿಸಿ ನೋಡುವಾಗ ‘ಪ್ರತಿ ಕಂಬಕ್ಕೂ ಕಾಂಕ್ರೀಟ್ ಹಾಕಿಕೊಡುತ್ತೇವೆ’ ಎಂದವರ ಕಡೆಗೇ ಮನಸ್ಸು ಹೋಗುತ್ತದೆ. ಸಿಮೆಂಟ್ ಬಿದ್ದರೆ ಬೇಲಿ ಗಟ್ಟಿ ಎಂಬ ನಂಬಿಕೆ ಅಷ್ಟು ಆಳವಾಗಿ ಕೂತಿದೆ. ಹಾಗೆ ಹಾಕಿಸಿದ ಬೇಲಿಗಳನ್ನು ಎರಡು ಮೂರು ಮಳೆಗಾಲ ಕಳೆದ ಮೇಲೆ ನೋಡಿದರೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಚಿತ್ರ ಕಾಣುತ್ತದೆ. ನಡುವಿನ ಕಂಬಗಳು ನೆಟ್ಟಗೆ ನಿಂತಿರುತ್ತವೆ. ಮೂಲೆಯ ಕಂಬ ಒಳಕ್ಕೆ ವಾಲಿರುತ್ತದೆ. ಗೇಟಿನ ಕಂಬ ಬಾಗಿ ಗೇಟು ನೆಲಕ್ಕೆ ಉಜ್ಜುತ್ತಿರುತ್ತದೆ. ತಂತಿ ಸಡಿಲಾಗಿ ಕೆಳಗಿನ ಎಳೆಯನ್ನು ಕಾಲಿನಿಂದ ಮೆಟ್ಟಿ ದನ, ಮೇಕೆ ದಾಟುವಂತಾಗಿರುತ್ತದೆ. ಕಾಂಕ್ರೀಟ್ ಬೇಡವಾದ ಕಡೆ ಸುರಿದು, ಬೇಕಾದ ಕಡೆ ಸಾಲದಂತೆ ಹಾಕಿ, ಹಾಕಿದ್ದನ್ನೂ ಕಾಂಕ್ರೀಟ್ ಆಗಲು ಬಿಡದ ಪದ್ಧತಿಯ ಫಲ ಇದು. ಸಿಮೆಂಟು ಮೂಲೆಗೆ, ಗೇಟಿಗೆ, ಆಸರೆ ಕಂಬಕ್ಕೆ ಹೋಗಬೇಕು. ಸಾಲಿನ ಕಂಬಗಳನ್ನು ಗಟ್ಟಿ ನೆಲದಲ್ಲಿ ಮಣ್ಣು, ಕಲ್ಲುಚಕ್ಕೆ ತುಂಬಿ ದಮ್ಮಸ್ಸು ಹೊಡೆದೇ ನಿಲ್ಲಿಸಬಹುದು ಎಂಬುದು ನನ್ನ ವಾದ.

ಇದಕ್ಕೆ ಆಧಾರ ಬೇಲಿಯ ಮೇಲೆ ಬೀಳುವ ಬಲದ ಲೆಕ್ಕದಲ್ಲೇ ಇದೆ. ಸಾಲಿನ ನಡುವಿನ ಕಂಬವನ್ನು ತಂತಿ ಎಡಕ್ಕೂ ಬಲಕ್ಕೂ ಒಂದೇ ಸಮನೆ ಎಳೆಯುತ್ತದೆ. ಎರಡೂ ಎಳೆತ ಒಂದಕ್ಕೊಂದು ವಜಾ ಆಗಿ ಆ ಕಂಬಕ್ಕೆ ಉಳಿಯುವ ಕೆಲಸ ತಂತಿಯನ್ನು ಎತ್ತರದಲ್ಲಿ ಹಿಡಿದಿಡುವುದು, ಆಗೊಮ್ಮೆ ಈಗೊಮ್ಮೆ ದನ ಮೈ ಉಜ್ಜಿದರೆ ತಡೆದುಕೊಳ್ಳುವುದು, ಅಷ್ಟೇ. ಕೊನೆಯ ಕಂಬದ ಪಾಡು ಬೇರೆ. ಅಲ್ಲಿ ಎಳೆತ ಒಂದೇ ಕಡೆಯಿಂದ, ಅದೂ ಹಗಲಿರುಳು, ವರ್ಷವಿಡೀ. ಐದು ಎಳೆ ಮುಳ್ಳುತಂತಿ, ಒಂದೊಂದನ್ನು 80 ಕೆಜಿಯಷ್ಟು ಬಿಗಿದಿದ್ದಾರೆ ಎಂದಿಟ್ಟುಕೊಳ್ಳಿ. ಒಟ್ಟು 400 ಕೆಜಿ ಎಳೆತ, ನೆಲದಿಂದ ಸರಾಸರಿ ಎರಡೂವರೆ ಅಡಿ ಎತ್ತರದಲ್ಲಿ ಕೂತು ಕಂಬವನ್ನು ಮಗುಚಲು ನೋಡುತ್ತದೆ. ಮೂಲೆಯಲ್ಲಾದರೆ ಎರಡು ಸಾಲಿನ ಎಳೆತ ಕೂಡಿಕೊಂಡು ಜಮೀನಿನ ಒಳಮೈಗೆ ಓರೆಯಾಗಿ ಇನ್ನೂ ಹೆಚ್ಚಿನ ಬಲ ಬೀಳುತ್ತದೆ. ಗೇಟಿನ ಕಂಬಕ್ಕೆ ತಂತಿಯ ಎಳೆತದ ಜೊತೆಗೆ ಕಬ್ಬಿಣದ ಗೇಟಿನ ಭಾರವೂ ಜೋತುಬೀಳುತ್ತದೆ, ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ಅಲುಗಾಟವೂ ಸೇರುತ್ತದೆ. ಇಷ್ಟು ಬೇರೆ ಬೇರೆ ಕೆಲಸ ಮಾಡುವ ಕಂಬಗಳಿಗೆ ಒಂದೇ ಅಳತೆಯ ಗುಂಡಿ, ಒಂದೇ ಬಾಂಡ್ಲಿ ಕಾಂಕ್ರೀಟ್ ಹಂಚುವುದರಲ್ಲಿ ನ್ಯಾಯವೂ ಇಲ್ಲ, ತರ್ಕವೂ ಇಲ್ಲ.

ಮೂಲೆಗೆ ಕಾಂಕ್ರೀಟ್ ಹೆಚ್ಚು ಸುರಿದರೆ ಮುಗಿಯಿತು ಎಂದೂ ಅಲ್ಲ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಎರಡಡಿ ಆಳದ ಕಾಂಕ್ರೀಟ್ ಗಡ್ಡೆ ಸುಮಾರು 300 ಕೆಜಿ ತೂಗುತ್ತದೆ. ಕೇಳಲು ಭಾರಿ ತೂಕ. ಆದರೆ ಬುಡದ ಅಗಲ ಒಂದೂವರೆ ಅಡಿ ಮಾತ್ರ ಇರುವುದರಿಂದ, ಮೇಲೆ ಹೇಳಿದ ಎಳೆತಕ್ಕೆ ಎದುರಾಗಿ ಆ ತೂಕ ಒಂದರಿಂದಲೇ ಸಿಗುವ ತಡೆ ಬೇಕಾದ್ದರ ಕಾಲು ಭಾಗವನ್ನೂ ಮುಟ್ಟುವುದಿಲ್ಲ. ಉಳಿದದ್ದನ್ನು ಸುತ್ತಲಿನ ಮಣ್ಣು ಕೊಡಬೇಕು, ಅದಕ್ಕೆ ಆಳ ಬೇಕು. ಇಲ್ಲವೇ ಓರೆಯಾಗಿ ಒತ್ತಿ ನಿಲ್ಲುವ ಆಸರೆ ಕಂಬ ಕೊಡಬೇಕು. ಎರಡೂ ಇದ್ದರೆ ಕಂಬ ಅಲುಗುವುದಿಲ್ಲ. ಈ ತಿಳಿವಳಿಕೆ ನಮ್ಮ ರೈತರಿಗೆ ಹೊಸದೇನಲ್ಲ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ಚಪ್ಪರಗಳನ್ನು ಗಮನಿಸಿ. ಅಂಚಿನ ಕಲ್ಲುಕಂಬಗಳನ್ನು ಹೊರಕ್ಕೆ ಓರೆಯಾಗಿ ನಿಲ್ಲಿಸಿ, ಅವುಗಳ ತಲೆಯಿಂದ ತಂತಿ ಇಳಿಸಿ, ಹೊರಗೆ ನೆಲದೊಳಗೆ ಹೂತ ಕಲ್ಲಿಗೆ ಬಿಗಿದಿರುತ್ತಾರೆ. ಬಳ್ಳಿ, ಗೊನೆಗಳ ಅಷ್ಟೂ ಭಾರದ ತಂತಿಜಾಲ ಜೋಲದೆ ನಿಂತಿರುವುದು ಆ ಅಂಚಿನ ಕಟ್ಟಿನಿಂದ. ನಡುವಿನ ಕಂಬಗಳು ತಮ್ಮ ಪಾಡಿಗೆ ಭಾರ ಹೊತ್ತು ನಿಂತಿರುತ್ತವೆ. ಬೇಲಿಯಲ್ಲಿ ಹೊರಗಡೆ ಪಕ್ಕದವರ ಜಮೀನು ಇರುವುದರಿಂದ ಹಾಗೆ ತಂತಿ ಇಳಿಸಿ ಕಟ್ಟಲು ಜಾಗ ಸಿಗದು. ಅದಕ್ಕೇ ಬೇಲಿಯ ಸಾಲಿನಲ್ಲೇ, ಮೂಲೆ ಕಂಬದ ಎರಡೂ ಕಡೆ ಒಂದೊಂದು ಓರೆ ಆಸರೆ ಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಮುಳ್ಳುತಂತಿ ಬೇಲಿಯ ವಿವರಣೆ ಓದಿದರೆ ಅಲ್ಲೂ ಇದೇ ಇದೆ: ಮೂಲೆ ಕಂಬಕ್ಕೆ, ಕೊನೆಯ ಕಂಬದ ಪಕ್ಕದ್ದಕ್ಕೆ, ಸಾಲಿನಲ್ಲಿ ಪ್ರತಿ 15ನೇ ಕಂಬಕ್ಕೆ ಎರಡೂ ಕಡೆ ಆಸರೆ, ಕೊನೆಯ ಕಂಬಕ್ಕೆ ಒಂದು ಕಡೆ. ಖಾಸಗಿ ಗುತ್ತಿಗೆಯಲ್ಲಿ ಮೊದಲು ಕಳಚಿಹೋಗುವ ಸಾಲು ಇದೇ.

ಒಂದು ಎಕರೆಯ ಲೆಕ್ಕ ಮಾಡೋಣ. ಎಕರೆ ಎಂದರೆ 43,560 ಚದರ ಅಡಿ; ಚೌಕಾಕಾರದ ಜಮೀನಾದರೆ ಸುತ್ತಳತೆ ಸುಮಾರು 835 ಅಡಿ. ಹತ್ತಡಿಗೊಂದರಂತೆ 84 ಕಂಬ. ಒಂದಡಿ ಉದ್ದಗಲ, ಎರಡಡಿ ಆಳದ ಗುಂಡಿಯಲ್ಲಿ ನಾಲ್ಕಿಂಚು ದಪ್ಪದ ಕಂಬ ನಿಲ್ಲಿಸಿ ತುಂಬಲು ಸುಮಾರು 50 ಲೀಟರ್ ಕಾಂಕ್ರೀಟ್ ಬೇಕು. ಒಂದಕ್ಕೆ ಎರಡು ಮರಳು, ನಾಲ್ಕು ಜಲ್ಲಿಯ ಮಿಶ್ರಣದಲ್ಲಿ 50 ಕೆಜಿಯ ಒಂದು ಚೀಲ ಸಿಮೆಂಟು ಮೂರು ಕಂಬಕ್ಕೆ ಬರುತ್ತದೆ. ಎಲ್ಲ ಕಂಬಕ್ಕೂ ಹಾಕುವುದಾದರೆ 28 ಚೀಲ. ಈಗ ಇನ್ನೊಂದು ರೀತಿ ನೋಡಿ. ನಾಲ್ಕು ಮೂಲೆ, ಗೇಟಿನ ಎರಡು, ಒಟ್ಟು ಆರು ಕಂಬಕ್ಕೆ ಒಂದೂವರೆ ಅಡಿ ಉದ್ದಗಲ, ಮೂರಡಿ ಆಳದ ಗುಂಡಿ. ಅದಕ್ಕೆ 7 ಚೀಲ. ಅವುಗಳ ಹತ್ತು ಆಸರೆ ಕಂಬಗಳ ಬುಡಕ್ಕೆ ಮೂರೂವರೆ ಚೀಲ. ಪ್ರತಿ ಸಾಲಿನ ನಡುವೆ ಒಂದು ಬಿಗಿ ಕಂಬ, ಅದಕ್ಕೆ ಎರಡು ಆಸರೆ ಇಟ್ಟರೆ ಇನ್ನೊಂದು 4 ಚೀಲ. ಒಟ್ಟು 15 ಚೀಲದ ಒಳಗೆ ಮುಗಿಯುತ್ತದೆ. ಆಸರೆಗೆಂದು ಹದಿನೆಂಟು ಕಂಬ ಹೆಚ್ಚು ಕೊಳ್ಳಬೇಕಾಗುತ್ತದೆ, ನಿಜ; ಮರಳು, ಜಲ್ಲಿ, ನೀರು, ಕಲಸುವ ಕೂಲಿಯಲ್ಲಿ ಅರ್ಧದಷ್ಟು ಉಳಿಯುತ್ತದೆ. ಒಟ್ಟು ಖರ್ಚು ಹೆಚ್ಚೂಕಡಿಮೆ ಒಂದೇ ಆದರೂ ಸಿಗುವ ಬೇಲಿ ಒಂದೇ ಅಲ್ಲ. ಮೊದಲನೆಯದರಲ್ಲಿ ಮೂಲೆ ಕಂಬಕ್ಕೆ ಬಿದ್ದದ್ದು ಹದಿನಾರು ಹದಿನೇಳು ಕೆಜಿ ಸಿಮೆಂಟು, ಎರಡಡಿ ಆಳ. ಎರಡನೆಯದರಲ್ಲಿ ಒಂದು ಚೀಲಕ್ಕೂ ಹೆಚ್ಚು, ಮೂರಡಿ ಆಳ, ಜೊತೆಗೆ ಎರಡು ಆಸರೆ.

ಇನ್ನು ಗುಂಡಿಗೆ ಬೀಳುವ ಕಾಂಕ್ರೀಟಿನ ಗುಣದ ಮಾತು. ಬೇಲಿ ಕೆಲಸದಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ. ಜಲ್ಲಿ, ಎಂ-ಸ್ಯಾಂಡ್, ಸಿಮೆಂಟನ್ನು ಒಣದಾಗಿಯೇ ಬಾಂಡ್ಲಿಯಲ್ಲಿ ತಂದು ಗುಂಡಿಗೆ ಸುರಿದು ಮೇಲಿಂದ ಎರಡು ಬಿಂದಿಗೆ ನೀರು ಹುಯ್ಯುವುದು ಒಂದು. ಪೈಪು ಬಿಟ್ಟು ಅಂಬಲಿಯಷ್ಟು ತೆಳ್ಳಗೆ ಕಲಸಿ, ಸಲಾಕೆಯಲ್ಲಿ ಒಮ್ಮೆಯೂ ಕುಟ್ಟದೆ ಗುಂಡಿಗೆ ಇಳಿಸುವುದು ಇನ್ನೊಂದು. ಒಣ ಮಿಶ್ರಣಕ್ಕೆ ಮೇಲಿಂದ ಹುಯ್ದ ನೀರು ಸಿಕ್ಕ ದಾರಿಯಲ್ಲಿ ಇಳಿದುಹೋಗುತ್ತದೆ. ಸಿಮೆಂಟು ಒಂದು ಕಡೆ ಕೊಚ್ಚಿಕೊಂಡು ಹೋಗಿ ಇನ್ನೊಂದು ಕಡೆ ಪುಡಿಯಾಗಿಯೇ ಉಳಿಯುತ್ತದೆ. ಕೆಲವು ದೇಶಗಳಲ್ಲಿ ಕಂಬಕ್ಕೆಂದೇ ಚೀಲದಲ್ಲಿ ಬರುವ, ಬೇಗ ಗಟ್ಟಿಯಾಗುವ ಸಿದ್ಧ ಮಿಶ್ರಣವನ್ನು ಹೀಗೆ ಒಣದಾಗಿ ಸುರಿಯುವುದುಂಟು. ಅದರಲ್ಲಿ ಪ್ರಮಾಣ ಕಾರ್ಖಾನೆಯಲ್ಲೇ ಅಳೆದು ಬೆರೆತಿರುತ್ತದೆ. ಸನಿಕೆಯ ಅಂದಾಜಿನಲ್ಲಿ ಗುಡ್ಡೆ ಹಾಕಿದ ನಮ್ಮ ಮಿಶ್ರಣಕ್ಕೆ ಆ ಮಾತು ಅನ್ವಯಿಸದು. ನೀರು ಹೆಚ್ಚಾದರೆ ಆಗುವ ಹಾನಿಯಂತೂ ನೂರು ವರ್ಷದಿಂದ ಗೊತ್ತಿರುವ ವಿಷಯ. 1918ರಲ್ಲಿ ಷಿಕಾಗೋದ ಲೂಯಿಸ್ ಇನ್‌ಸ್ಟಿಟ್ಯೂಟಿನ ಡಫ್ ಏಬ್ರಮ್ಸ್ ತಮ್ಮ ಪ್ರಯೋಗಗಳಿಂದ ತೋರಿಸಿದ್ದು, ಸಿಮೆಂಟಿಗೆ ನೀರಿನ ಪ್ರಮಾಣ ಏರಿದಂತೆ ಕಾಂಕ್ರೀಟಿನ ಬಲ ಇಳಿಯುತ್ತದೆ ಎಂಬುದನ್ನು. ನಮ್ಮ ಐಎಸ್ 456 ಸಂಹಿತೆ 1:2:4ರ ದರ್ಜೆಯ ಕಾಂಕ್ರೀಟಿಗೆ ಒಂದು ಚೀಲಕ್ಕೆ ಗರಿಷ್ಠ 32 ಲೀಟರ್ ನೀರು ಎನ್ನುತ್ತದೆ, ಮರಳಿನಲ್ಲಿರುವ ತೇವವೂ ಅದರಲ್ಲೇ ಸೇರಿ. ಪೈಪು ಹಿಡಿದವರಿಗೆ ಈ ಅಳತೆ ಸಿಗುವುದು ಹೇಗೆ? ಬಕೆಟ್ ಇಟ್ಟು ಅಳೆದು ಹಾಕಿದರೆ ಮಾತ್ರ. ಕಲಸಿದ್ದನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿನಿಂದ ನೀರು ಇಳಿಯಬಾರದು. ಗುಂಡಿಗೆ ಅರ್ಧ ಅಡಿಯಷ್ಟು ಹಾಕಿ, ಸಲಾಕೆಯಿಂದ ಕಂಬದ ನಾಲ್ಕೂ ಮಗ್ಗುಲು ಚುಚ್ಚಿ ಗಾಳಿ ಬಿಡಿಸಿ, ಮತ್ತೆ ಅರ್ಧ ಅಡಿ ಹಾಕಬೇಕು. ಬೇಸಿಗೆಯಲ್ಲಿ ಒಣಗಿದ ಗುಂಡಿಯ ಗೋಡೆ ಕಾಂಕ್ರೀಟಿನ ನೀರನ್ನು ಹೀರಿಬಿಡುವುದರಿಂದ ಮೊದಲೇ ಗುಂಡಿಗೆ ನೀರು ಚಿಮುಕಿಸಿಡುವುದು ಒಳ್ಳೆಯದು. ಮಳೆಗಾಲದಲ್ಲಾದರೆ ಗುಂಡಿಯಲ್ಲಿ ನಿಂತ ನೀರನ್ನು ಮೊಗೆದು ತೆಗೆದ ಮೇಲೆಯೇ ಹಾಕಬೇಕು.

ಇದಕ್ಕಿಂತ ದೊಡ್ಡ ಲೋಪ ಹಾಕಿದ ಮೇಲಿನದು. ಬೆಳಿಗ್ಗೆ ಕಂಬ ನಿಲ್ಲಿಸಿ ಸಂಜೆ ತಂತಿ ಎಳೆಯುವುದು ಬೇಲಿ ಗುತ್ತಿಗೆಯಲ್ಲಿ ಮಾಮೂಲು. ತಂಡ ಮರುದಿನ ಇನ್ನೊಂದು ಊರಿಗೆ ಹೋಗಬೇಕು, ಟ್ರಾಕ್ಟರ್ ಬಾಡಿಗೆ ಏರುತ್ತಿರುತ್ತದೆ. ಆದರೆ ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನ ಜೊತೆ ಕೂಡಿ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಅದಕ್ಕೆ ದಿನಗಳು ಬೇಕು, ತೇವವೂ ಬೇಕು. ಐಎಸ್ 456ರ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಅಥವಾ ಕಿಟ್ಟ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಬಿಸಿಲು, ಒಣ ಹವೆ ಇದ್ದರೆ ಇನ್ನೂ ಹೆಚ್ಚು ದಿನ. ಅಂಗಡಿಯಲ್ಲಿ ಈಗ ಕೈಗೆ ಸಿಗುವುದು ಬಹುಪಾಲು ಪಿಪಿಸಿ, ಅಂದರೆ ಹಾರುಬೂದಿ ಬೆರೆತದ್ದು. ಅದೇನೂ ಕಳಪೆಯಲ್ಲ. ಬೇಲಿ ಕಂಬಕ್ಕೆ 53 ಗ್ರೇಡ್ ಬೇಕೆಂದು ಹಟ ಹಿಡಿಯುವವರು ಹೆಚ್ಚಿನ ಹಣ ಕೊಟ್ಟು ಇಲ್ಲಿ ಬೇಡದ ಬಲವನ್ನು ಕೊಳ್ಳುತ್ತಾರೆ. ಕರಾವಳಿಯ ಉಪ್ಪುಗಾಳಿಯ ಕಡೆ ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆತ ಸ್ಲ್ಯಾಗ್ ಸಿಮೆಂಟು ಹೆಚ್ಚು ಬಾಳಿಕೆ ಕೊಡುತ್ತದೆ. ಆದರೆ ಈ ಎರಡೂ ಮೊದಲ ದಿನಗಳಲ್ಲಿ ನಿಧಾನವಾಗಿ ಬಲ ಪಡೆಯುತ್ತವೆ. ಆದ್ದರಿಂದ ಮೂಲೆ ಕಂಬದ ಮೇಲೆ ತಂತಿ ಬಿಗಿಯುವ ಮುನ್ನ ಹತ್ತು ದಿನವಾದರೂ ಕಾಯಬೇಕು, ಹದಿನಾಲ್ಕಾದರೆ ಇನ್ನೂ ಒಳ್ಳೆಯದು. ಹಸಿ ಕಾಂಕ್ರೀಟಿನಲ್ಲಿ ನಿಂತ ಕಂಬವನ್ನು ತಂತಿ ಎಳೆದು ಕೂದಲೆಳೆಯಷ್ಟು ಅಲುಗಿಸಿದರೂ ಕಂಬಕ್ಕೂ ಕಾಂಕ್ರೀಟಿಗೂ ನಡುವೆ ಬಿರುಕು ಬೀಳುತ್ತದೆ, ಆಮೇಲೆ ಅದು ಕೂಡಿಕೊಳ್ಳುವುದಿಲ್ಲ. ಮೇಲೆ ಒದ್ದೆ ಗೋಣಿಚೀಲ ಹೊದಿಸಿ ದಿನಕ್ಕೆರಡು ಸಲ ನೀರು ಹಾಕುವುದು ದುಬಾರಿ ಕೆಲಸವಲ್ಲ. ಮೂಲೆ, ಗೇಟಿನ ಆರು ಕಂಬಕ್ಕಾದರೆ ಮನೆಯವರೇ ಮಾಡಿಕೊಳ್ಳಬಹುದು. 84 ಕಂಬಕ್ಕೆ ಯಾರೂ ಮಾಡುವುದಿಲ್ಲ. ಎಲ್ಲ ಕಂಬಕ್ಕೂ ಕಾಂಕ್ರೀಟ್ ಎಂಬ ಪದ್ಧತಿ ಕ್ಯೂರಿಂಗನ್ನೇ ಅಸಾಧ್ಯ ಮಾಡಿಬಿಟ್ಟಿದೆ.

ಮಣ್ಣಿನ ಗುಣ ನೋಡದೆ ಹಾಕಿದ ಕಾಂಕ್ರೀಟಿನಿಂದ ಕೆಡುಕೂ ಆಗುತ್ತದೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿಯ ಎರೆ ಮಣ್ಣು ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಹಾರೆ, ಗುದ್ದಲಿಯಲ್ಲಿ ತೋಡಿದ ಗುಂಡಿ ಮೇಲೆ ಅಗಲವಾಗಿ, ಕೆಳಗೆ ಹೋದಂತೆ ಕಿರಿದಾಗುವುದು ಸಹಜ; ಅದರಲ್ಲಿ ಸುರಿದ ಕಾಂಕ್ರೀಟ್ ಬುಗುರಿಯ ಆಕಾರ ಪಡೆಯುತ್ತದೆ. ಉಬ್ಬುವ ಮಣ್ಣು ಆ ಓರೆ ಮೈಯನ್ನು ಕೆಳಗಿನಿಂದ ಒತ್ತಿ ಮೇಲಕ್ಕೆ ದಬ್ಬುತ್ತದೆ, ಬೇಸಿಗೆಯಲ್ಲಿ ಸುತ್ತ ಸಂದು ಬಿಟ್ಟು ಗಡ್ಡೆಯನ್ನು ಸಡಿಲ ಮಾಡುತ್ತದೆ. ವರ್ಷ ವರ್ಷ ಹೀಗೆ ನಡೆದರೆ ಕಾಂಕ್ರೀಟಿನ ಸಮೇತ ಕಂಬ ಮೇಲೆದ್ದು ವಾಲುವುದರಲ್ಲಿ ಆಶ್ಚರ್ಯವಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ನೆಲದ ಮನೆಗಳಿಗೆಂದು ರೂಪಿಸಿದ ಅಡಿಪಾಯದ ಕಂಬದಲ್ಲಿ ಇದಕ್ಕೆ ಉತ್ತರವಿದೆ: ಕಂಬದ ಬುಡ ಮಣ್ಣು ಹೆಚ್ಚು ಆಡದ ಆಳಕ್ಕೆ ಇಳಿಯಬೇಕು, ಅಲ್ಲಿ ಅಗಲವಾಗಿ ಗಡ್ಡೆ ಕಟ್ಟಬೇಕು, ಮೇಲ್ಭಾಗ ಕಿರಿದಾಗಿರಬೇಕು. ಬೇಲಿಗೆ ಅಷ್ಟು ಆಳ ಬೇಡ. ಆದರೆ ಮೂಲೆ ಕಂಬಕ್ಕಾದರೂ ಮೂರೂವರೆ, ನಾಲ್ಕು ಅಡಿ ಇಳಿಸಿ, ತಳವನ್ನು ಮೇಲ್ಭಾಗಕ್ಕಿಂತ ಅಗಲ ಮಾಡಿ, ಮೇಲಿನ ಒಂದಡಿಗೆ ಗರಸು ತುಂಬಿ ಕುಟ್ಟುವುದು ಇದೇ ತತ್ವ. ಎರೆ ಹೊಲದಲ್ಲಿ ಸಾಲು ಕಂಬಗಳಿಗೂ ಗರಸೇ ವಾಸಿ. ಸಡಿಲವಾದರೆ ಬೇಸಿಗೆ ಕೊನೆಯಲ್ಲಿ ಒಮ್ಮೆ ಕುಟ್ಟಿ ಬಿಗಿ ಮಾಡಬಹುದು, ಕಾಂಕ್ರೀಟ್ ಗಡ್ಡೆಯನ್ನು ಹಾಗೆ ಬಿಗಿ ಮಾಡಲು ಬರುವುದಿಲ್ಲ. ಹಳೇ ಮೈಸೂರಿನ ಕೆಮ್ಮಣ್ಣು ನೆಲ ಇಷ್ಟು ತೊಂದರೆ ಕೊಡದು. ಕಲ್ಲುಚಕ್ಕೆ ಸಹಿತ ಪದರ ಪದರವಾಗಿ ದಮ್ಮಸ್ಸು ಹೊಡೆದ ಕೆಮ್ಮಣ್ಣಿನಲ್ಲಿ ಸಾಲು ಕಂಬ ದಶಕಗಟ್ಟಲೆ ನಿಲ್ಲುತ್ತದೆ. ಕರಾವಳಿಯ ಮುರಕಲ್ಲಿನಲ್ಲಿ ಗುಂಡಿಯೇ ಕಲ್ಲಿನ ಗೋಡೆ. ಸಮುದ್ರದಂಚಿನ ಮರಳು, ಕೆರೆಯಂಗಳದ ಕೆಸರು, ಹೊಸದಾಗಿ ತುಂಬಿಸಿದ ಮಣ್ಣು, ಈ ಮೂರು ಕಡೆ ಮಾತ್ರ ಪ್ರತಿ ಕಂಬಕ್ಕೂ ಕಾಂಕ್ರೀಟ್ ಹಾಕುವುದೇ ಸರಿ; ಕುಟ್ಟಿದರೂ ಹಿಡಿಯದ ನೆಲ ಅದು.

ಕಂಬ ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ ಕಡೆ ಸೀಳಿ ತೆಗೆಯುವ ಕಲ್ಲುಕಂಬಕ್ಕೆ ಗೆದ್ದಲಿಲ್ಲ, ತುಕ್ಕಿಲ್ಲ. ಮಣ್ಣಿನಲ್ಲಿ ನಿಲ್ಲಿಸಿದ್ದನ್ನು ಬೇಕಾದಾಗ ಕಿತ್ತು ಇನ್ನೊಂದು ಕಡೆ ನೆಡಬಹುದು. ಕಾಂಕ್ರೀಟಿನಲ್ಲಿ ಹೂತರೆ ಆ ಅನುಕೂಲ ಹೋಯಿತು. ಮರದ ಕಂಬಕ್ಕೆ ಕಾಂಕ್ರೀಟ್ ಹೊದಿಕೆ ರಕ್ಷಣೆ ಎಂಬ ಭಾವನೆ ಮಲೆನಾಡಿನಲ್ಲಿ ಇನ್ನೂ ಇದೆ. ಮರ ಒಣಗಿ ಸಣ್ಣದಾದಾಗ ಕಾಂಕ್ರೀಟಿನ ನಡುವೆ ಸಂದು ಬಿಟ್ಟು ಮಳೆನೀರು ಅಲ್ಲೇ ತಂಗುತ್ತದೆ, ನೆಲದ ಮಟ್ಟದಲ್ಲೇ ಕೊಳೆತು ಮುರಿಯುತ್ತದೆ. ಕಬ್ಬಿಣದ ಆಂಗಲ್, ಜಿಐ ಪೈಪಿಗೂ ತುಕ್ಕು ಹಿಡಿಯುವ ಜಾಗ ಅದೇ. ಆದ್ದರಿಂದ ಯಾವ ಕಂಬಕ್ಕೆ ಕಾಂಕ್ರೀಟ್ ಹಾಕಿದರೂ ಅದರ ತಲೆ ನೆಲಕ್ಕಿಂತ ಎರಡಿಂಚು ಮೇಲಿರಬೇಕು, ನಾಲ್ಕೂ ಕಡೆ ಇಳಿಜಾರಾಗಿ ನಯ ಮಾಡಿರಬೇಕು. ಸಿಮೆಂಟ್ ಕಂಬ ಕೊಳ್ಳುವವರು ಎರಕ ಹೊಯ್ದ ದಿನಾಂಕ ಕೇಳಲಿ. ಅಚ್ಚಿನಿಂದ ತೆಗೆದ ನಾಲ್ಕನೇ ದಿನಕ್ಕೆ ಲಾರಿ ಏರಿದ ಕಂಬ ಇಳಿಸುವಾಗಲೇ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರುತ್ತದೆ. ಕಂಬಿ ಮೈಗೆ ಅಂಟಿಕೊಂಡಂತೆ ಅಂಚಿನಲ್ಲೇ ಇದ್ದರೆ ಕೆಲವು ವರ್ಷದಲ್ಲಿ ತುಕ್ಕು ಉಬ್ಬಿ ಸಿಮೆಂಟು ಚಕ್ಕೆ ಏಳುತ್ತದೆ. ಕಾಂಕ್ರೀಟ್ ಬೇಲಿ ಕಂಬಕ್ಕೆಂದೇ ಭಾರತೀಯ ಮಾನಕ ಇದೆ ಎಂಬುದು ಮಾರುವವರ ನೆನಪಿನಲ್ಲೂ ಇಲ್ಲ, ಕೊಳ್ಳುವವರ ನೆನಪಿನಲ್ಲೂ ಇಲ್ಲ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದ್ದು ಒತ್ತುವರಿಯ ಭಯ. ಮಣ್ಣಿನಲ್ಲಿ ನೆಟ್ಟ ಕಂಬವನ್ನು ರಾತ್ರೋರಾತ್ರಿ ಕಿತ್ತು ಎರಡಡಿ ಈಚೆಗೆ ಹಾಕುತ್ತಾರೆ, ಕಾಂಕ್ರೀಟ್ ಇದ್ದರೆ ಹಾಗೆ ಮಾಡಲಾಗದು ಎನ್ನುತ್ತಾರೆ. ಭಯ ಸುಳ್ಳಲ್ಲ, ಬದುವಿನ ಜಗಳಗಳು ಅಣ್ಣತಮ್ಮಂದಿರನ್ನು ಕೋರ್ಟಿಗೆ ಎಳೆದದ್ದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಆದರೆ ಗಡಿಯನ್ನು ಕಾಯುವುದು ದಾಖಲೆ, ಸಿಮೆಂಟಲ್ಲ. ಹದ್ದುಬಸ್ತು ಅರ್ಜಿ ಹಾಕಿ, ಅಕ್ಕಪಕ್ಕದವರಿಗೆ ನೋಟಿಸು ಹೋಗಿ, ಭೂಮಾಪಕರು ಅಳೆದು ಬಾಂದುಕಲ್ಲು ಗುರುತಿಸಿದ ಮೇಲೆ ನೆಟ್ಟ ಬೇಲಿಗೆ ಇರುವ ಬಲ, ಅಂದಾಜಿನಲ್ಲಿ ಕಾಂಕ್ರೀಟ್ ಹಾಕಿದ ಬೇಲಿಗೆ ಎಂದೂ ಬರುವುದಿಲ್ಲ. ಗಡಿಗುರುತಿಗೆ ಹಾನಿ ಮಾಡುವುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ಶಿಕ್ಷಾರ್ಹವೂ ಹೌದು. ಅಳತೆಯಿಲ್ಲದೆ ಕಾಂಕ್ರೀಟ್ ಹಾಕಿ, ನಾಳೆ ಅಳತೆಯಲ್ಲಿ ಸಾಲು ಪಕ್ಕದವರ ಜಮೀನಿನಲ್ಲಿ ಬಿದ್ದಿದೆ ಎಂದಾದರೆ 84 ಗಡ್ಡೆ ಒಡೆಸುವ ಖರ್ಚು ಯಾರದು? ಮೊದಲು ಅಳತೆ, ಆಮೇಲೆ ಮೂಲೆ. ಮೂಲೆಗಳು ಮೂರಡಿ ಕಾಂಕ್ರೀಟಿನಲ್ಲಿ ಭದ್ರವಾಗಿದ್ದರೆ ನಡುವಿನ ಕಂಬವನ್ನು ಯಾರೇ ಸರಿಸಿದರೂ ಎರಡು ಮೂಲೆಗೆ ದಾರ ಎಳೆದಾಗ ಗೊತ್ತಾಗಿಬಿಡುತ್ತದೆ.

ಕೂಲಿಯ ಮಾತು ಇನ್ನೊಂದು ಆಕ್ಷೇಪ. ದಮ್ಮಸ್ಸು ಹೊಡೆಯಲು ಆಳು ಸಿಗುವುದಿಲ್ಲ, ಕಾಂಕ್ರೀಟ್ ಸುರಿದರೆ ಬೇಗ ಮುಗಿಯುತ್ತದೆ ಎನ್ನುವುದರಲ್ಲಿ ಅರ್ಧ ಸತ್ಯವಿದೆ. ಆರು ಇಂಚಿಗೊಂದು ಪದರ ಹಾಕಿ ಕುಟ್ಟುವುದು ತೋಳು ಸೋಲಿಸುವ ಕೆಲಸವೇ. ಆ ಕೆಲಸ ಮಾಡುವವರಿಗೆ ಹೆಚ್ಚು ಕೂಲಿ ಕೊಡುವುದು ನ್ಯಾಯ. ಆದರೆ ಕಾಂಕ್ರೀಟ್ ಬೇಗ ಮುಗಿಯುವುದು ಅಳತೆ, ಕುಟ್ಟುವಿಕೆ, ಕ್ಯೂರಿಂಗ್ ಮೂರನ್ನೂ ಬಿಟ್ಟಾಗ ಮಾತ್ರ. ಸರಿಯಾಗಿ ಮಾಡಿದರೆ ಅದೇ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಟ್ರಾಕ್ಟರಿನ ಅಗರ್ ಬಂದ ಮೇಲೆ ಒಂಬತ್ತು ಇಂಚಿನ ನೆಟ್ಟನೆ ಗುಂಡಿ ನಿಮಿಷಗಳಲ್ಲಿ ಸಿಗುತ್ತದೆ; ಗುಂಡಿ ಕಿರಿದಾದಷ್ಟೂ ತುಂಬುವ ಮಣ್ಣು ಕಡಿಮೆ, ಕುಟ್ಟುವ ಶ್ರಮವೂ ಕಡಿಮೆ. ಸರ್ಕಾರಿ ಕಾಮಗಾರಿಯಲ್ಲಿ ಪ್ರತಿ ಕಂಬಕ್ಕೂ ಕಾಂಕ್ರೀಟ್ ಇರುತ್ತದಲ್ಲ ಎಂದು ಕೇಳುವವರಿದ್ದಾರೆ. ಇರುತ್ತದೆ, ಏಕೆಂದರೆ ಆ ಬೇಲಿಯುದ್ದಕ್ಕೂ ದಿನಾ ನಡೆದು ಸಡಿಲವಾದ ಕಂಬ ಕುಟ್ಟುವ ಒಡೆಯ ಅಲ್ಲಿಲ್ಲ. ರೈತ ತನ್ನ ಬೇಲಿಯ ಪಕ್ಕ ದಿನಾ ಓಡಾಡುತ್ತಾನೆ. ಬಲ ನಿಜವಾಗಿಯೂ ಪ್ರತಿ ಕಂಬದ ಮೇಲೆ ಬೀಳುವ ಕಡೆ ಪ್ರತಿ ಕಂಬಕ್ಕೂ ಕಾಂಕ್ರೀಟ್ ಇರಲೇಬೇಕು. ನಾಗರಹೊಳೆಯ ಅಂಚಿನಲ್ಲಿ ಆನೆ ತಡೆಯಲು ಅರಣ್ಯ ಇಲಾಖೆ ಹಳೇ ರೈಲು ಹಳಿಯ ಕಂಬಗಳನ್ನು ಹಾಗೆ ಹೂತಿದೆ. ಜಾಲರಿಗೆ ಹಸಿರು ಪರದೆ ಕಟ್ಟಿ ಗಾಳಿಗೆ ಗೋಡೆ ಮಾಡುವವರಿಗೂ ಅದೇ ಮಾತು. ಸೋಲಾರ್ ಬೇಲಿಯ ಸಾಲು ಕಂಬಕ್ಕಾದರೋ ಎಳೆತವೇ ಅಲ್ಪ, ಅಲ್ಲಿ ಕಾಂಕ್ರೀಟ್ ಪೂರ್ತಿ ದಂಡ. ಹಂದಿ ಕಾಟಕ್ಕೂ ಕಂಬದ ಕಾಂಕ್ರೀಟ್ ಮದ್ದಲ್ಲ; ಅದು ಎರಡು ಕಂಬದ ನಡುವೆ ನೆಲ ಬಗೆದು ನುಗ್ಗುತ್ತದೆ, ತಡೆಯಬೇಕಾದರೆ ಜಾಲರಿಯ ಅಂಚನ್ನು ಮಣ್ಣಿನೊಳಗೆ ಹೂಳಬೇಕು. ಊರಂಚಿನ ನಿವೇಶನಕ್ಕೆ ಹಾಕುವ ಬೇಲಿ ಹೇಗೂ ನಾಳೆ ಕಾಂಪೌಂಡ್ ಕಟ್ಟುವಾಗ ತೆಗೆಯುವಂಥದ್ದು. ಆ ಗಡ್ಡೆಗಳನ್ನು ಅಗೆಸಲು ಮತ್ತೆ ಜೆಸಿಬಿ ಕರೆಸುವ ಖರ್ಚು ಯಾಕೆ?

ಸಿಮೆಂಟು ಉಳಿಸುವುದು ಜೇಬಿನ ಮಾತು ಮಾತ್ರ ಆಗಿ ಉಳಿದಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಉಗುಳುವಿಕೆಯಲ್ಲಿ ಸುಮಾರು ನೂರಕ್ಕೆ ಏಳೆಂಟರಷ್ಟು ಸಿಮೆಂಟಿನಿಂದ ಬರುತ್ತದೆ. ಸೇಡಂ, ವಾಡಿ ಸುತ್ತ ಸುಣ್ಣಕಲ್ಲು ಅಗೆದು, ಸುಟ್ಟು, ಪುಡಿ ಮಾಡಿ, ನೂರಾರು ಕಿಲೋಮೀಟರ್ ಸಾಗಿಸಿದ ವಸ್ತುವನ್ನು ಏನೂ ಕೆಲಸವಿಲ್ಲದ ಗುಂಡಿಗೆ ಸುರಿಯುವುದು ನನ್ನ ಕಣ್ಣಿಗೆ ಅನ್ನ ಚೆಲ್ಲಿದಷ್ಟೇ ತಪ್ಪು. ಆದರೂ ರನ್ನಿಂಗ್ ಅಡಿಯ ದರ ಇರುವವರೆಗೆ ಇದು ಬದಲಾಗುವುದು ಕಷ್ಟ. ಆ ಲೆಕ್ಕದಲ್ಲಿ ಮೂಲೆಗೆ ಬೇರೆ ಬೆಲೆಯಿಲ್ಲ. ಮೂರಡಿ ತೋಡಿದವನಿಗೂ ಒಂದೂವರೆ ಅಡಿ ತೋಡಿದವನಿಗೂ ಸಿಗುವ ದುಡ್ಡು ಒಂದೇ. ನೆಲದ ಕೆಳಗಿನದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಉಳಿತಾಯವೆಲ್ಲ ಅಲ್ಲೇ ನಡೆಯುತ್ತದೆ. ಪ್ರಾಮಾಣಿಕವಾಗಿ ಆಳ ತೋಡುವ ಮೇಸ್ತ್ರಿ ಈ ಸ್ಪರ್ಧೆಯಲ್ಲಿ ಸೋಲುತ್ತಾನೆ. ಹಾಗಾಗಿ ಬೇಲಿ ಹಾಕಿಸುವ ಪ್ರತಿಯೊಬ್ಬರಲ್ಲೂ ನನ್ನ ಕೋರಿಕೆ: ದರ ಮಾತಾಡುವಾಗ ಸಾಲಿನ ಅಡಿಗೆ ಒಂದು ದರ, ಮೂಲೆ ಮತ್ತು ಗೇಟಿನ ಪ್ರತಿ ಕಂಬಕ್ಕೆ ಆಸರೆ ಸಮೇತ ಇನ್ನೊಂದು ದರ ಎಂದು ಬೇರೆಯಾಗಿ ಬರೆಸಿಕೊಳ್ಳಿ. ಗುಂಡಿಯ ಆಳ, ಮಿಶ್ರಣ, ತಂತಿ ಬಿಗಿಯುವ ದಿನ ಅದೇ ಚೀಟಿಯಲ್ಲಿರಲಿ. ಆದಷ್ಟು ಮಳೆಗಾಲ ಮುಗಿದ ಮೇಲೆ, ನವೆಂಬರಿನಿಂದ ಜನವರಿಯೊಳಗೆ, ನೆಲದಲ್ಲಿ ಹದ ಇರುವಾಗ ಕೆಲಸ ಹಿಡಿಯಿರಿ. ಕಾಂಕ್ರೀಟ್ ಸುರಿಯುವ ಮುನ್ನ ಮೂಲೆ ಗುಂಡಿಗಳಿಗೆ ನೀವೇ ಟೇಪು ಇಳಿಸಿ ಅಳೆಯಿರಿ, ಮುಂಗಡದ ಮುಂದಿನ ಕಂತನ್ನು ಆ ಅಳತೆ ಸರಿಯಾದ ಮೇಲೆಯೇ ಕೊಡಿ.